ಹನ್ನೊಂದು ಗುಲಗಂಜಿ ಬಿಳಿಗಾರ

ಐವತ್ತನಾಲ್ಕು ವರ್ಷಗಳ ಹಿಂದೆ, ಒಂದು ಗಾಜಿನ ಜಾಡಿಯೊಳಗಿನ ಎರಡು ಲೀಟರು ನೀರನ್ನು ಅದರ ಗುಣ ಕೆಡದಂತೆ ಹಿಡಿದು ನಿಲ್ಲಿಸಿದವಳು ನಾನು. ಪರವೂರಿನವರ ಮುಂದೆ ಈ ಮಾತನ್ನು ಆಡಿದರೆ ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಅವರ ಮನೆಯ ನೀರು ರಾತ್ರಿ ಕೊಡದಲ್ಲಿ ಇಟ್ಟ ಹಾಗೆಯೇ ಬೆಳಿಗ್ಗೆ ಇರುತ್ತದೆ. ಅದರಲ್ಲಿ ಸಾಧನೆಯೇನು ಬಂತು? ನಮ್ಮ ಊರಿನಲ್ಲಿ ಮಾತ್ರ ಅದು ಸಾಧನೆಯೇ ಸರಿ. ಅದಕ್ಕಾಗಿ ನಾನು ಪಟ್ಟ ಪಾಡನ್ನೂ, ನನ್ನ ಜೊತೆ ನಿಂತವರ ಹೆಸರುಗಳನ್ನೂ, ಬುದ್ಧಿ ಮಂಕಾಗುವ ಮೊದಲೇ ಬರೆದಿಡಬೇಕೆಂದು ಕುಳಿತಿದ್ದೇನೆ.

ನಮ್ಮ ಊರಿನ ನೀರು ಪ್ರತಿದಿನ ನಸುಕಿನಲ್ಲಿ ತಿರುಗುತ್ತದೆ. ಒಂದು ದಿನ ಹುಳಿ, ಒಂದು ದಿನ ಚೌಳು ಎಂದರೆ ಕ್ಷಾರ, ಅಪರೂಪಕ್ಕೆ ಒಂದು ದಿನ ಸಪ್ಪೆ. ಬಾವಿಯದೂ ಅಷ್ಟೆ, ಹಂಡೆಯದೂ ಅಷ್ಟೆ, ಮುಚ್ಚಳ ಬಿಗಿದು ಅರಗು ಹಚ್ಚಿಟ್ಟ ಸೀಸೆಯದೂ ಅಷ್ಟೆ. ಮೊದಲ ಕೋಳಿ ಕೂಗಿದೊಡನೆ ಎಲ್ಲವೂ ಒಟ್ಟಿಗೆ ತಿರುಗಿಬಿಡುತ್ತವೆ. ಹುಳಿಯ ದಿನ ಬೇಳೆ ಬೇಯುವುದಿಲ್ಲ, ಹಾಲು ಒಡೆಯುತ್ತದೆ. ಆ ದಿನ ನಾವು ರೊಟ್ಟಿ, ಕೆಂಪು ಖಾರ, ಮೊಸರು ಉಣ್ಣುತ್ತೇವೆ. ಚೌಳಿನ ದಿನ ಅನ್ನ ಹಳದಿಯಾಗುತ್ತದೆ, ಅರಿಸಿನ ಹಚ್ಚಿಕೊಂಡು ಮಿಂದವರು ಕೆಂಪಗಾಗಿ ಹೊರಬರುತ್ತಾರೆ. ಆ ದಿನ ಬಟ್ಟೆ ಒಗೆಯುತ್ತೇವೆ, ಹಪ್ಪಳದ ಹಿಟ್ಟು ನಾದುತ್ತೇವೆ. ಮದುವೆಗೆ ಮುಹೂರ್ತ ಇಡುವಾಗ ಪುರೋಹಿತರು ಕಡೆಯಲ್ಲಿ "ನೀರು ಒಪ್ಪಿದರೆ" ಎಂದು ಸೇರಿಸುತ್ತಾರೆ. ಏಕೆ ಹೀಗೆ ಎಂದು ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಇವತ್ತು ಯಾವುದು ಎಂದಷ್ಟೇ ಕೇಳುತ್ತೇವೆ.

ಅದನ್ನು ಹೇಳುವವಳು ದ್ಯಾಮವ್ವ. ಅವಳ ಮನೆತನಕ್ಕೆ ನೀರು ಕೂಗುವ ಹಕ್ಕು. ನಸುಕಿನಲ್ಲಿ ಬಾವಿಕಟ್ಟೆಗೆ ಬಂದು, ಬಟ್ಟಲಿನಲ್ಲಿ ನೀರು ಮೊಗೆದು, ಕೆಂಪು ದಾಸವಾಳದ ಎಸಳೊಂದನ್ನು ಹಿಸುಕಿ ಹಾಕುವಳು. ಬಣ್ಣ ಕುಂಕುಮದ ಕಡೆಗೆ ಹೋದರೆ ಹುಳಿ, ಹಸಿರಿನ ಕಡೆಗೆ ಹೋದರೆ ಚೌಳು. ಅಷ್ಟನ್ನು ಯಾರಾದರೂ ನೋಡಿಯಾರು. ಆದರೆ ಎಷ್ಟು ಹುಳಿ, ಎಷ್ಟು ಚೌಳು ಎಂಬುದರ ನಡುವೆ ದ್ಯಾಮವ್ವನ ಕಣ್ಣಿಗೆ ಮೂವತ್ತು ಬಣ್ಣಗಳು ಕಾಣುತ್ತಿದ್ದವು. "ಇವತ್ತ ಹುಳಿ, ಎಳೀ ಹುಣಸಿಕಾಯಿಯಷ್ಟ! ಹಾಲು ಕಾಸಬೌದು, ಬ್ಯಾಳಿ ಇಡಬ್ಯಾಡ್ರಿ!" ಎಂದು ಅವಳು ಕೂಗಿದರೆ ಇಡೀ ಊರು ಅದರಂತೆ ಒಲೆ ಹೊತ್ತಿಸುತ್ತಿತ್ತು.

ಹುಳಿ ಹೆಚ್ಚಾದ ದಿನ ಬಾವಿಕಟ್ಟೆಯ ದೊಡ್ಡ ಹರವಿಯಲ್ಲಿ ಸುಣ್ಣದ ಹರಳು ಹಾಕಿ ನೀರನ್ನು ಹದಕ್ಕೆ ತರುವುದು ಹಿಂದಿನಿಂದ ಬಂದ ರೂಢಿ. ಆ ವರ್ಷದ ಮಾಘದಲ್ಲಿ ಒಂದು ದಿನ, ದ್ಯಾಮವ್ವ ಬಾಗಿ ನೋಡುತ್ತಿರುವಾಗ ಹರವಿಯೊಳಗಿನ ಹರಳು ಸಿಡಿಯಿತು. ಸುಣ್ಣದ ನೀರು ಎರಡೂ ಕಣ್ಣಿಗೆ ಬಿತ್ತು.

ಡಾಕ್ಟರು ಓಡಿಬಂದರು. ಆ ದಿನದ ಹುಳಿ ನೀರಿನಿಂದ ತೊಳೆಯಲು ಅವರಿಗೆ ಧೈರ್ಯ ಬರಲಿಲ್ಲ. ಹಣ್ಣು, ಕಾಯಿ, ಮೈಯೊಳಗಿನ ರಸ ತಿರುಗುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಅಂಗಡಿ ಬೀದಿಯ ಸಾವಂತ್ರಕ್ಕ, ಮಗಳ ಸೀಮಂತಕ್ಕೆಂದು ತರಿಸಿಟ್ಟಿದ್ದ ಏಳು ಎಳನೀರನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಸುರಿದಳು. ಆ ಏಳು ಎಳನೀರು ಮೂರು ದಿನದ ಮಟ್ಟಿಗೆ ಕಣ್ಣು ಕಾಪಾಡುವಷ್ಟಿತ್ತು; ತೆಂಗು ಬೆಳೆಯದ ನಮ್ಮ ಸೀಮೆಯಲ್ಲಿ ಮತ್ತೆ ಸಿಗುವ ಹಾಗಿರಲಿಲ್ಲ. ಆಮೇಲೆ ಡಾಕ್ಟರು ಪಟ್ಟಿ ಕಟ್ಟಿ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ಹೇಳಿದರು: "ಇಪ್ಪತ್ತೊಂದು ದಿನ, ದಿನಕ್ಕೆ ಆರು ಸಲ ತೊಳೀಬೇಕು. ತೊಳಿಯೋ ನೀರು ಕಣ್ಣೀರಿನ ಹದದಾಗ ಇರಬೇಕು, ಒಂದೇ ಹದ. ಒಮ್ಮೆ ಹುಳಿ ಬಿದ್ದರ, ಒಮ್ಮೆ ಚೌಳು ಬಿದ್ದರ, ಆ ಬೆಂದ ಕಣ್ಣು ಮತ್ತ ಏಳಂಗಿಲ್ಲ. ಪರವೂರಿಗೆ ಒಯ್ಯೂಣಂದ್ರ ಮೂರು ದಿನದ ಗಾಡಿ ದಾರಿ, ಧೂಳು. ನಾ ಏನು ಮಾಡ್ಲಿ?"

ಆಗ ನನಗೆ ಇಪ್ಪತ್ತೈದು. ಹೈಸ್ಕೂಲಿನ ವಿಜ್ಞಾನದ ಕೋಣೆಯಲ್ಲಿ ಸೀಸೆಗಳನ್ನು ತೊಳೆದು ಜೋಡಿಸಿಡುವುದು, ಮಾಸ್ತರು ಕೇಳಿದ್ದನ್ನು ತೂಗಿ ಕೊಡುವುದು ನನ್ನ ಕೆಲಸ. ಇಂಟರ್ ಪಾಸಾಗಿದ್ದೆನೆಂಬ ಗರ್ವ ಇತ್ತು. ಸೆರಗಿನ ತುಂಬ ಆಮ್ಲ ಸುಟ್ಟ ತೂತುಗಳಿದ್ದವು. ಊರ ಹುಡುಗರು ನನ್ನನ್ನು ಬಾಟ್ಲಿ ಸುಭದ್ರಾ ಎನ್ನುತ್ತಿದ್ದರು.

ದ್ಯಾಮವ್ವನ ಮಂಚದ ಬಳಿ ಕುಳಿತಿದ್ದಾಗ ಪಟ್ಟಿಯ ಕೆಳಗಿನಿಂದ ನೀರು ಜಿನುಗಿತು. ಒರೆಸಹೋದೆ. ಅವಳು ನನ್ನ ಕೈ ಹಿಡಿದಳು.

"ಇರ್ಲಿ ಬಿಡವ್ವ. ಇದೊಂದ ನೀರು ನಮ್ಮೂರಾಗ ನಂಬಿಗಸ್ತ ಐತಿ. ನಲವತ್ತು ವರ್ಷ ಆತು, ನಾ ಅತ್ತಾಗೆಲ್ಲ ಎಸಳ ಮ್ಯಾಲ ಹನಿಸಿ ನೋಡೇನಿ. ಗಂಡ ಸತ್ತ ದಿನ ಚೌಳು ಇತ್ತು, ಮಗಳ ಮದುವಿ ದಿನ ಹುಳಿ ಇತ್ತು. ಎರಡೂ ದಿನ ಕಣ್ಣೀರಿನ ಬಣ್ಣ ಒಂದ. ನೇರಳಿಹಣ್ಣು ತಿಂದ ನಾಲಿಗಿ ಇರ್ತೈತಲ್ಲ, ಹಂಗ."

"ಅದು ಯಾಕ ತಿರಗೂದಿಲ್ಲ?" ಎಂದೆ. ನಮ್ಮ ಊರಿನಲ್ಲಿ ಕೇಳಬಾರದ ಪ್ರಶ್ನೆಯನ್ನು ನಾನು ಕೇಳಿದ್ದು ಅದೇ ಮೊದಲು.

"ನನ್ನೇನು ಕೇಳ್ತೀ? ಕಲತಾಕಿ ನೀನು."

ಕಲಿತವಳು ನಾನು, ನಿಜ. ಇಂಟರ್ ಪುಸ್ತಕದಲ್ಲಿ ಅದರ ಮೇಲೆ ಒಂದೂವರೆ ಪುಟ ಇತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿದ್ದೆ. ಓಡಿಹೋಗಿ ಧೂಳು ಹೊಡೆದು ತೆಗೆದೆ. ಬಫರ್ ದ್ರಾವಣ. ಮೃದುವಾದ ಒಂದು ಆಮ್ಲವನ್ನೂ ಅದೇ ಆಮ್ಲದ ಲವಣವನ್ನೂ ಒಂದೇ ನೀರಿನಲ್ಲಿ ಇಟ್ಟರೆ, ಹೊರಗಿನಿಂದ ಬಂದದ್ದನ್ನು ಆ ಎರಡೂ ಸೇರಿ ತಾಳಿಕೊಳ್ಳುತ್ತವೆ. ನೀರಿನ ಹದ ಅಲುಗುವುದಿಲ್ಲ. ಎಷ್ಟಕ್ಕೆ ಎಷ್ಟು ಎಂಬುದಕ್ಕೆ ಒಂದು ಸೂತ್ರ, ಸೂತ್ರದೊಳಗೆ ಒಂದು ಲಾಗರಿದಮ್. ಅದನ್ನು ಕಂಡು ನನ್ನ ಎದೆ ಒಡೆಯಿತು. ಪುಸ್ತಕ ಹಿಡಿದು ಗಣಿತದ ಗುರುಸಿದ್ದಪ್ಪ ಮಾಸ್ತರರ ಮನೆಗೆ ಹೋದೆ. ಸಿಟ್ಟಿಗೆ ಹೆಸರಾದವರು ಅವರು. ಪಡಸಾಲೆಯಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದವರು ಕೇಳಿಸಿಕೊಂಡರು.

"ನಾವು ಇಷ್ಟು ದಿನ ಏನು ಮಾಡೇವಿ? ಹುಳಿ ಬಂದ್ರ ಸುಣ್ಣ ಒಗಿಯೂದು, ಸುಣ್ಣ ಹೆಚ್ಚಾದ್ರ ಹುಣಸಿ ಹಿಂಡೂದು. ಜಗಳದಾಗ ಜಗಳ," ಎಂದರು. "ಇದು ಹಂಗಲ್ಲ. ಹುಳಿ ಬಂದ್ರ ಲವಣ ನುಂಗತೈತಿ, ಚೌಳು ಬಂದ್ರ ಆಮ್ಲ ನುಂಗತೈತಿ. ಇಬ್ಬರೂ ಮೊದಲ ಮನಿಯಾಗ ಇದ್ದಿರಬೇಕು. ಯಾವ ಆಮ್ಲ ಹಾಕ್ತೀ?"

"ಬೋರಿಕ್, ಮಾಸ್ತರ. ಕಣ್ಣು ತೊಳಿಯಾಕ ಡಾಕ್ಟರ ಹಂತೇಕ ಡಬ್ಬಿ ಐತಿ. ಅದರ ಲವಣ ಬಿಳಿಗಾರದಾಗ ಸಿಗತೈತಿ."

"ಬಿಳಿಗಾರ ಅಂದ್ರ ಬಂಗಾರ ಬೆಸಿಯೂದು? ಛಲೋ ಆತು. ಅಂಕಿ ಹೇಳು."

ಹೇಳಿದೆ. ಬೋರಿಕ್ ಆಮ್ಲಕ್ಕೆ ಪುಸ್ತಕ ಕೊಟ್ಟ ಅಂಕಿ ಒಂಬತ್ತೂಕಾಲು. ಕಣ್ಣೀರಿನ ಪಿಎಚ್ ಏಳೂವರೆಯ ಆಸುಪಾಸು. ನಡುವಿನ ಅಂತರ ಒಂದೂಮುಕ್ಕಾಲು. ಮಾಸ್ತರು ಒಳಗಿನಿಂದ ಲಾಗ್ ಕೋಷ್ಟಕದ ಪುಸ್ತಕ ತಂದು ನನ್ನ ಮುಂದೆ ಎಸೆದರು. "ನೀನ ತಗಿ. ನಾ ತಗದು ಕೊಟ್ರ ನಿನಗ ನಂಬಿಗಿ ಬರೂದಿಲ್ಲ." ಮೊದಲ ಸಲ ಸಾಲು ತಪ್ಪಿದೆ. "ಕುರುಡೀ, ಕಣ್ಣು ಯಾರಿಗೆ ಹೋಗೇದ?" ಎಂದು ಗದರಿದರು, ಗದರಿದ ಮೇಲೆ ತಾವೇ ನಾಲಿಗೆ ಕಚ್ಚಿಕೊಂಡರು. ಎರಡನೆಯ ಸಲ ಸಿಕ್ಕಿತು: ಐವತ್ತಾರು. ಐವತ್ತಾರು ಪಾಲು ಆಮ್ಲಕ್ಕೆ ಒಂದು ಪಾಲು ಲವಣ. ಬಿಳಿಗಾರ ನೀರಿಗೆ ಬಿದ್ದರೆ ಲವಣ ಎಷ್ಟು ಬಿಡುತ್ತದೋ ಅಷ್ಟೇ ಆಮ್ಲವನ್ನೂ ಬಿಡುತ್ತದೆ. ಅದನ್ನೂ ಕಳೆದು, ತೂಕಕ್ಕೆ ಇಳಿಸಿ, ಎರಡು ಲೀಟರಿಗೆ ಲೆಕ್ಕ ಕಟ್ಟಿದಾಗ ಬಂದದ್ದು ಎರಡು ತೊಲ ಬೋರಿಕ್, ಹನ್ನೊಂದು ಗುಲಗಂಜಿ ಬಿಳಿಗಾರ. ಮಾಸ್ತರು ಮೂರು ಸಲ ತಾಳೆ ನೋಡಿದರು. ನಾಲ್ಕನೆಯ ಸಲ ಮೂಗಿನ ಮೇಲಿನ ಕನ್ನಡಕ ತೆಗೆದು, "ಸರಿ ಐತಿ," ಎಂದರು. ಹನ್ನೊಂದು ವರ್ಷ ಅವರ ಕೈಕೆಳಗೆ ಓದಿದ್ದೆ. ಅವರ ಬಾಯಿಂದ ಆ ಎರಡು ಪದ ಕೇಳಿದ್ದು ಅಂದೇ.

ಆ ದಿನಗಳಲ್ಲಿ ಊರು ಅಸ್ತವ್ಯಸ್ತವಾಗಿತ್ತು. ದ್ಯಾಮವ್ವನ ಬದಲಿಗೆ ಬಾವಿಕಟ್ಟೆಯಲ್ಲಿ ಮೂವರು ಕೂಗತೊಡಗಿದ್ದರು, ಮೂವರದೂ ಮೂರು ಮಾತು. ಹುಳಿಯ ದಿನ ಅರ್ಧ ಊರಿನ ಬೇಳೆ ಕಲ್ಲಿನಂತೆ ಉಳಿಯಿತು. ಚೌಳಿನ ದಿನ ಮದುವಣಗಿತ್ತಿಯೊಬ್ಬಳು ಅರಿಸಿನ ಹಚ್ಚಿಕೊಂಡು ಮಿಂದು ಟೊಮೆಟೊದಂತೆ ಕೆಂಪಗಾಗಿ ಅಳುತ್ತ ಕುಳಿತಳು. ನಾನು ನೀರು ನಿಲ್ಲಿಸುತ್ತೇನೆಂಬ ಸುದ್ದಿ ಹರಡಿ ಕಟ್ಟೆಯ ಮೇಲಿನವರು ನಕ್ಕರು: "ಬಾಟ್ಲಿ ಸುಭದ್ರಾ ನೀರಿಗೆ ಮೂಗುದಾರ ಹಾಕ್ತಾಳಂತ!" ಆದರೆ ನಕ್ಕವರಲ್ಲಿಯೇ ಕೆಲವರು, ಕೇರಂ ಮನೆಯ ಗಂಡಸರು, ಮಣೆಗೆ ಉದುರಿಸುವ ಪುಡಿಯೂ ಬೋರಿಕ್ ಎಂದು ಯಾರಿಂದಲೋ ತಿಳಿದು, ತಮ್ಮ ಡಬ್ಬಿಗಳನ್ನು ಶಾಲೆಯ ಕಿಟಕಿಯಲ್ಲಿ ಸದ್ದಿಲ್ಲದೆ ಇಟ್ಟುಹೋದರು. ಡಾಕ್ಟರು ಅವನ್ನು ಮುಟ್ಟಗೊಡಲಿಲ್ಲ. ಆದರೂ ಹದಿನೈದು ದಿನ ಊರಿನಲ್ಲಿ ಕೇರಂ ಆಟ ನಿಂತಿತ್ತೆಂಬುದನ್ನು ನಾನು ಮರೆತಿಲ್ಲ.

ಮೂರನೆಯ ದಿನ ಸಪ್ಪೆ ನೀರು ಬಂತು. ಬೇಕಾದದ್ದೂ ಅದೇ. ಅಕ್ಕಸಾಲಿ ಮೌನೇಶನ ಅಂಗಡಿಗೆ ಹೋದೆ. ಅಷ್ಟು ಸೂಕ್ಷ್ಮವಾದ ತಕ್ಕಡಿ ಊರಿನಲ್ಲಿ ಅವನದೊಂದೇ. ವಿಷಯ ಕೇಳಿದವನೇ ತಕ್ಕಡಿಗೆ ಕುಂಕುಮ ಹಚ್ಚಿ ಕೈಮುಗಿದ.

"ದ್ಯಾಮವ್ವನ ಕಣ್ಣಿಗಂದ್ರ ಅಂಥಾ ಇಂಥಾ ಬಿಳಿಗಾರ ಕೊಡಂಗಿಲ್ಲ ಅಕ್ಕಾರ. ನನ್ನ ಸ್ವಂತ ಡಬ್ಬಿಯೊಳಗಿಂದು ಕೊಡ್ತೀನಿ," ಎಂದು ಹನ್ನೊಂದು ಗುಲಗಂಜಿ ಕಾಳಿಗೆ ಸರಿಯಾಗಿ ಹತ್ತಿಯಂತೆ ಹಗುರಾದ ಬಿಳಿಯ ಪುಡಿಯನ್ನು ತೂಗಿ, ವೀಳ್ಯದೆಲೆಯ ಮೇಲಿಟ್ಟು ಕೊಟ್ಟ.

ಕಾಸಿ ಆರಿಸಿದ ನೀರಿನಲ್ಲಿ ಎರಡನ್ನೂ ಕರಗಿಸಿದೆ. ಈಗ ಬಣ್ಣ ನೋಡಬೇಕು. ಬಣ್ಣ ನೋಡಬಲ್ಲ ಕಣ್ಣು ಊರಿನಲ್ಲಿ ಒಂದೇ ಜೋಡಿ, ಅದರ ಮೇಲೆ ಪಟ್ಟಿ. ಜಾಡಿಯನ್ನು ದ್ಯಾಮವ್ವನ ಮಂಚದ ಬಳಿಗೇ ಒಯ್ದು, ಬಟ್ಟಲಿಗೆ ಬಗ್ಗಿಸಿ, ಎಸಳು ಹಿಸುಕಿ ಹಾಕಿದೆ. ಮಾಸ್ತರು, ಡಾಕ್ಟರು, ಮೌನೇಶ ಸುತ್ತ ನಿಂತಿದ್ದರು.

"ಹೇಳು," ಎಂದಳು.

"ನೇರಳಿ ಬಣ್ಣ ಐತಿ ದ್ಯಾಮವ್ವ."

"ಯಾವ ನೇರಳಿ? ಹಣ್ಣಿನ ಸಿಪ್ಪಿಯೋ, ತಿಂದ ನಾಲಿಗಿಯೋ?"

"ನಾಲಿಗಿ."

"ಅಂಚಿನಾಗ ನೋಡು. ಬಟ್ಟಲ ವಾರಿ ಮಾಡಿ ನೋಡು. ಅಂಚಿನಾಗ ಕೆಂಪ ಒಡಿತೈತೋ, ನೀಲಿ ಒಡಿತೈತೋ? ಸುಳ್ಳ ಹೇಳಬ್ಯಾಡ ಮಗಳ, ಕಣ್ಣು ನಂದು."

ವಾರೆ ಮಾಡಿ ನೋಡಿದೆ. ಅಂಚಿನಲ್ಲಿ ನವಿಲಿನ ಕತ್ತಿನ ನೀಲಿ ಇತ್ತು. ನನಗೆ ಅದು ಮೊದಲೇ ಕಂಡಿತ್ತು. ಕಂಡದ್ದನ್ನು ಕಾಣಲಿಲ್ಲವೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಲೆಕ್ಕ ಸರಿಯಿತ್ತು, ಮಾಸ್ತರು ಸರಿ ಎಂದಿದ್ದರು, ಅವರ ಆ ಎರಡು ಪದಗಳನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

"ನೀಲಿ," ಎಂದೆ.

"ಹಂಗಾರ ಚೌಳಿನ ಕಡಿ ಐತಿ. ಬ್ಯಾಡ, ಹಾಕಬ್ಯಾಡ," ಎಂದಳು ಸಮಾಧಾನವಾಗಿ.

ಗುರುಸಿದ್ದಪ್ಪ ಮಾಸ್ತರು ಕಾಗದ ತೆಗೆದು ಮತ್ತೆ ತಾಳೆ ನೋಡಿದರು. ತಪ್ಪು ಸಿಗಲಿಲ್ಲ. ಆಗ ಬಾಗಿಲ ಬಳಿ ನಿಂತಿದ್ದ ಮೌನೇಶ ಕೆಮ್ಮಿದ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಲೆಕ್ಕ ಹಸೀ ಬಿಳಿಗಾರದ್ದೋ, ಹುರದದ್ದೋ?"

"ಹುರದದ್ದಂದ್ರ?"

"ಹಸೀ ಹರಳಿನಾಗ ನೀರು ಇರತೈತ್ರಿ. ಬೆಂಕಿ ಮ್ಯಾಲಿಟ್ರ ಕೊತಕೊತ ಉಬ್ಬತೈತಿ. ಬಂಗಾರದ ಮ್ಯಾಲ ಉಬ್ಬಿದ್ರ ಬೆಸಿಗಿ ಸರೀತೈತಿ ಅಂತ ನಾವು ಮೊದಲ ಹುರದು ನೀರು ಕಳದು ಇಟಗೊಂಡಿರ್ತೀವಿ. ದ್ಯಾಮವ್ವನ ಕಣ್ಣಂತ, ಹಸೀದು ಕೊಡಬಾರದಂತ, ಹುರದದ್ದ ಕೊಟ್ಟೇನ್ರಿ." ಅವನ ಮುಖ ಸಣ್ಣದಾಗಿತ್ತು. "ಹುರದ್ರ ತೂಕ ಅರ್ಧಕ್ಕರ್ಧ ಇಳಿತೈತಿ."

ಪುಸ್ತಕದ ಬಿಳಿಗಾರದೊಳಗೆ ಹತ್ತು ಪಾಲು ನೀರು ಸೇರಿರುತ್ತದೆ. ನಾನು ಅದನ್ನು ಸೇರಿಸಿಯೇ ತೂಕ ಕಟ್ಟಿದ್ದೆ. ಮೌನೇಶ ಭಕ್ತಿಯಿಂದ ಆ ನೀರನ್ನು ಹುರಿದು ತೆಗೆದಿದ್ದ. ಹೀಗಾಗಿ ಲವಣ ಹೆಚ್ಚುಕಡಿಮೆ ಇಮ್ಮಡಿ ಬಿದ್ದಿತ್ತು. ತೂಗುವ ಮೊದಲು ಇದು ಯಾವ ಬಿಳಿಗಾರವೆಂದು ಒಂದು ಮಾತು ಕೇಳಬೇಕಾದವಳು ನಾನು. ಅಕ್ಕಸಾಲಿಯನ್ನು ಏನು ಕೇಳುವುದು, ಪುಸ್ತಕ ಓದಿದವಳು ನಾನಲ್ಲವೇ ಎಂದುಕೊಂಡಿದ್ದೆ.

"ನೀ ಕೊಟ್ಟದ್ದ ತಪ್ಪಲ್ಲ ಮೌನೇಶ, ನಾ ಕೇಳದದ್ದ ತಪ್ಪು," ಎಂದೆ. ಅಳು ಬಂತು.

ಮಂಚದ ಮೇಲಿನಿಂದ ದ್ಯಾಮವ್ವ ನಕ್ಕಳು. "ಅಳಬ್ಯಾಡ. ಇಲ್ಲಾ, ಅಳೂದಿದ್ರ ಒಂದು ಎಸಳ ಮ್ಯಾಲ ಅಳು. ಹೋಲಿಸಿ ನೋಡಾಕ ಬಣ್ಣ ಬೇಕಲ್ಲ!"

ಡಾಕ್ಟರು ಮೊದಲು ನಕ್ಕರು, ಆಮೇಲೆ ಎಲ್ಲರೂ. ಅವಳ ಮಾತಿನಂತೆ ನಾನು ನಿಜವಾಗಿಯೂ ಎಸಳಿನ ಮೇಲೆ ಅತ್ತೆ. ಮಾಸ್ತರು ಲೆಕ್ಕ ತಿರುಗಿಸಿದರು: ಹುರಿದದ್ದಾದರೆ ಆರು ಗುಲಗಂಜಿಗೆ ಕೂದಲೆಳೆ ಕಡಿಮೆ. "ಕೂದಲೆಳಿ ನಂಬೂದು ಬ್ಯಾಡ. ಹಸೀದ ಹನ್ನೊಂದು ತೂಗು," ಎಂದರು. ಮೌನೇಶ ಅಂಗಡಿಗೆ ಓಡಿ ಹಸಿಯ ಹರಳು ತಂದ. ಹೊಸ ಜಾಡಿ ಕಟ್ಟಿದೆವು. ಬಟ್ಟಲನ್ನು ವಾರೆ ಮಾಡಿದೆ. ಅಂಚಿನಲ್ಲಿ ನೀಲಿ ಇರಲಿಲ್ಲ, ಕೆಂಪೂ ಇರಲಿಲ್ಲ. ನನ್ನ ಕಣ್ಣೀರಿನ ಎಸಳನ್ನು ಪಕ್ಕಕ್ಕಿಟ್ಟು ನಾಲ್ಕು ಜನ ನೋಡಿದೆವು. ಒಂದೇ ಬಣ್ಣ.

ಆದರೆ ಅದು ಸಪ್ಪೆಯ ದಿನ. ನಿಜವಾದ ಪರೀಕ್ಷೆ ಮರುದಿನ ಕೋಳಿ ಕೂಗಿದಾಗ. ಚೌಳು ಬಂದರೆ ಎದುರಿಸಲು ಐವತ್ತಾರು ಪಾಲು ಆಮ್ಲ ಇತ್ತು. ಹುಳಿ ಬಂದರೆ ಇದ್ದದ್ದು ಒಂದೇ ಪಾಲು ಲವಣ, ಒಂಟಿಯಾಗಿ. ಹುಳಿ ಬಾರದಿರಲಿ ಎಂದು ನಾನು ಮನೆಯ ದೇವರಿಗೆ ಹರಕೆ ಹೊತ್ತೆ.

ಬಂದದ್ದು ಹುಳಿಯೇ. ಪಕ್ಕದಲ್ಲಿಟ್ಟಿದ್ದ ಬರಿಯ ನೀರಿನ ತಂಬಿಗೆಯಲ್ಲಿ ಎಸಳು ಕುಂಕುಮದಂತೆ ಕೆಂಪಾಯಿತು. ನಮ್ಮ ಜಾಡಿಯಿಂದ ಬಟ್ಟಲಿಗೆ ಬಗ್ಗಿಸಿದೆ. ಬಣ್ಣ ನೇರಳೆ. ಇನ್ನೂ ನೇರಳೆ. ಅಂಚಿನಲ್ಲಿ ಬಾಳೆಹೂವಿನ ಒಳಗಿನಷ್ಟು ಕೆಂಪಿನ ಛಾಯೆ. ಅದನ್ನು ಮುಚ್ಚಿಡದೆ ಹೇಳಿದೆ.

"ಅಷ್ಟ ಇರಲಿ," ಎಂದಳು ದ್ಯಾಮವ್ವ. "ನನ್ನ ಮಗಳ ಮದುವಿ ದಿನ ಕಣ್ಣೀರಿನ ಅಂಚಿನಾಗೂ ಅಷ್ಟ ಇತ್ತು. ಹಾಕು. ಡಾಕ್ಟರ ಕೈಲೆ ಬ್ಯಾಡ, ನಿನ್ನ ಕೈಲೆ ಹಾಕು."

ಹಾಕಿದೆ. ಅವಳು ಹಲ್ಲು ಕಚ್ಚಿ ಕಾದಳು; ಆಮೇಲೆ ಭುಜ ಇಳಿಸಿದಳು. "ಉರಿ ಇಲ್ಲ," ಎಂದಳು. "ತಂಪೈತಿ."

ಹದಿನೆಂಟು ದಿನ ಉಳಿದಿತ್ತು. ಆರು ದಿನಕ್ಕೊಂದು ಹೊಸ ಜಾಡಿ. ಹುಳಿ ಬಂತು, ಚೌಳು ಬಂತು, ಮತ್ತೆ ಹುಳಿ ಬಂತು. ಇಡೀ ಊರಿನ ನೀರು ತನ್ನ ಹಾಡು ಹಾಡುತ್ತಲೇ ಇತ್ತು, ಆ ಜಾಡಿ ಮಾತ್ರ ಕೇಳಿಸಿಕೊಳ್ಳಲಿಲ್ಲ. ಜನ ಅದಕ್ಕೆ ಹಟದ ನೀರು ಎಂದು ಹೆಸರಿಟ್ಟರು. ಬಾಗಿಲಲ್ಲಿ ನಿಂತು ನೋಡಿಹೋದರು. ಕಟ್ಟೆಯ ಮೇಲಿನವರು ನನ್ನನ್ನು ಸುಭದ್ರಕ್ಕ ಎನ್ನತೊಡಗಿದರು. ಇಪ್ಪತ್ತೊಂದನೆಯ ದಿನ ಡಾಕ್ಟರು ಪಟ್ಟಿ ಬಿಚ್ಚಿದರು. ದ್ಯಾಮವ್ವ ರೆಪ್ಪೆಗಳನ್ನು ಬಹಳ ಹೊತ್ತು ಮಿಟುಕಿಸಿದಳು. ನಾನು ಎದುರಿಗೆ ನಿಂತಿದ್ದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ತೂತಿನ ಸೀರಿ ಉಟಗೊಂಡು ಮಂದಿ ಮನಿಗೆ ಬರ್ತಾರೇನ?" ಎಂದಳು.

ಮೌನೇಶ ಅಂಗಳದಲ್ಲಿ ಕುಳಿತು ಮಗುವಿನಂತೆ ಅತ್ತ.

ಆಮೇಲೆ ಹದಿನೆಂಟು ವರ್ಷ ಅವಳು ನೀರು ಕೂಗಿದಳು. ಈಗ ಅವಳಿಲ್ಲ, ಮಾಸ್ತರಿಲ್ಲ, ಡಾಕ್ಟರಿಲ್ಲ, ಸಾವಂತ್ರಕ್ಕನಿಲ್ಲ, ಮೌನೇಶನೂ ಹೋಗಿ ಎಂಟು ವರ್ಷವಾಯಿತು. ನನ್ನ ಹೆಸರಿನಲ್ಲಿ ಶಾಲೆಯಲ್ಲಿ ಒಂದು ಫಲಕ ಇದೆ. ಅದರ ಮೇಲೆ ಒಂದೇ ಹೆಸರು ಇರುವುದು ನನಗೆ ಪ್ರತಿಸಲ ಚುಚ್ಚುತ್ತದೆ. ಆ ಜಾಡಿಯಲ್ಲಿ ನನ್ನದು ಎಷ್ಟು ಪಾಲು? ಗುರುತು ಹೇಳಿದ್ದು ದ್ಯಾಮವ್ವ, ಕೋಷ್ಟಕ ಎಸೆದದ್ದು ಮಾಸ್ತರು, ತಕ್ಕಡಿ ಮೌನೇಶನದು, ತಾಳ್ಮೆ ಇಡೀ ಊರಿನದು. ಅವರು ಕೊಟ್ಟದ್ದನ್ನೆಲ್ಲ ಪಡೆದುಕೊಂಡು ನಾನು ಇಷ್ಟು ವರ್ಷ ಸನ್ಮಾನದ ಶಾಲು ಹೊದ್ದುಕೊಂಡಿದ್ದೇನೆ. ಆ ಸಭೆಗಳಲ್ಲಿ ನಾನು ಐವತ್ತಾರರ ಲೆಕ್ಕ ಹೇಳುತ್ತೇನೆ, ಹುಳಿಯ ಮುಂಜಾವು ಹೇಳುತ್ತೇನೆ. ನೀಲಿ ಒಡೆದ ಜಾಡಿಯ ಮಾತನ್ನು ಮಾತ್ರ ಎಲ್ಲಿಯೂ ಹೇಳಿರಲಿಲ್ಲ.

ಮೊನ್ನೆ ಗುರುವಾರ ಹೇಳಿದೆ. ದ್ಯಾಮವ್ವನ ಮರಿಮೊಮ್ಮಗಳು ನೀಲವ್ವ, ಹತ್ತೊಂಬತ್ತರ ಹುಡುಗಿ, ಈ ಶ್ರಾವಣದಿಂದ ನೀರು ಕೂಗುತ್ತಾಳೆ. ಆ ದಿನ ಹುಳಿಯನ್ನು ಸಪ್ಪೆ ಎಂದು ಕೂಗಿಬಿಟ್ಟಳು. ಎರಡು ಮದುವೆಮನೆಗಳಲ್ಲಿ ಪಾಯಸದ ಹಾಲು ಒಡೆಯಿತು. "ಮುತ್ತಜ್ಜಿದು ಬಾಯಿ ಬಂತು, ಕಣ್ಣು ಬರಲಿಲ್ಲ" ಎಂದು ಯಾರೋ ಅವಳಿಗೆ ಕೇಳುವಂತೆಯೇ ಅಂದರಂತೆ. ನನ್ನ ಕಟ್ಟೆಗೆ ಬಂದು ಕುಳಿತಳು. ನಾಳೆಯಿಂದ ಕೂಗುವುದಿಲ್ಲ, ಯಾರಿಗಾದರೂ ಹಕ್ಕು ಬಿಟ್ಟುಕೊಡುತ್ತೇನೆ ಎಂದಳು. ನಾನು ಬುದ್ಧಿ ಹೇಳಲಿಲ್ಲ. ಅವಳ ಮುತ್ತಜ್ಜಿಯ ಕಣ್ಣಿನ ಕಥೆಯನ್ನು ಮೊದಲಿಂದ ಹೇಳಿದೆ, ಏನನ್ನೂ ಬಿಡಲಿಲ್ಲ. ಕಂಡ ನೀಲಿಯನ್ನು ನಾಲಿಗೆಯ ಬಣ್ಣ ಎಂದದ್ದನ್ನೂ ಬಿಡಲಿಲ್ಲ.

ಅವಳು ಮೊಣಕಾಲಿಗೆ ಗದ್ದ ಆನಿಸಿ ಕೇಳಿದಳು. ಕಥೆ ಮುಗಿದ ಮೇಲೂ ಎದ್ದು ಹೋಗಲಿಲ್ಲ. ಬೀದಿಯಲ್ಲಿ ದನಗಳು ಮನೆಗೆ ಹೋದವು. ಮೂಗು ಒರೆಸಿಕೊಂಡು ನನ್ನ ಕಡೆಗೆ ತಿರುಗಿದಳು.

"ಅಜ್ಜೀ, ನೀವು ಸುಳ್ಳ ಹೇಳಿದ್ರಲ್ಲ, ಆಮ್ಯಾಲ ನಮ್ಮ ಮುತ್ತಜ್ಜಿ ನಕ್ಕಳಲ್ಲ," ಎಂದಳು, "ಅದೊಂದ ಇನ್ನೊಮ್ಮಿ ಹೇಳ್ರಿ."